ಕಲ್ಲಪ್ಪ ಎಳೆದ ಬೆಂಕಿ ಗೆರೆ

ಗೆಳತಿಯರೇ, ನನ್ನ ಮೇವಿನ ಬಣವೆ ಇವತ್ತು ಉಳಿದಿದೆ. ಅದಕ್ಕೇ ಇಷ್ಟು ಬರೆಯುವ ಉಮೇದು.

ಬೆಳಿಗ್ಗೆ ಎಮ್ಮೆಗೆ ನೀರು ಕುಡಿಸುತ್ತಿದ್ದೆ. ನೋಡಿದರೆ ಬಾಜೂ ಮನೆಯ ಕಲ್ಲಪ್ಪ ಗುಡ್ಡದ ಬುಡದಲ್ಲಿ ಬಗ್ಗಿ ಬಗ್ಗಿ ಒಣಹುಲ್ಲಿಗೆ ಬೆಂಕಿಕಡ್ಡಿ ಗೀರಿ ಹಚ್ಚುತ್ತಾ ಹೊರಟಿದ್ದಾನೆ, ನೂಲು ಹಿಡಿದಂತೆ ನೆಟ್ಟಗೆ.

"ಏ ಕಲ್ಲಪ್ಪಾ, ತಲಿ ಕೆಟ್ಟೈತೇನೋ? ಏನ್ ಮಾಡಾಕತ್ತಿ?"

"ಬೆಂಕಿ ಗೆರಿ ಎಳ್ಯಾಕತ್ತೇನಿ, ಆಯಿ. ಮೊನ್ನಿ ಮೀಟಿಂಗ್‌ನ್ಯಾಗ ಫಾರೆಸ್ಟ್ ಸಾಹೇಬ್ರು ಎಲ್ಲಾರೂ ಎಳೀರಿ ಅಂದ್ರಲ್ಲ!"

ಅಂದದ್ದು ಖರೆ. ಬೇಸಿಗೆಯಲ್ಲಿ ಗುಡ್ಡದ ಬೆಂಕಿ ಊರಿಗೆ ದಾಟದಂತೆ ಹುಲ್ಲು ಕೊಯ್ದು, ಗುಡಿಸಿ, ಬರೀ ನೆಲದ ಪಟ್ಟಿ ಮಾಡುವುದಕ್ಕೆ ಬೆಂಕಿ ಗೆರೆ ಎನ್ನುತ್ತಾರೆ. ಈ ಪುಣ್ಯಾತ್ಮ ಹೆಸರಷ್ಟೇ ಕೇಳಿ ಚಹಾ ಕುಡಿಯಲು ಎದ್ದು ಹೋಗಿದ್ದ.

ಅಷ್ಟರಲ್ಲಿ ಗಾಳಿ ತಿರುಗಿತು. ಉರಿ ನನ್ನ ಬಣವೆಯ ಕಡೆ ಓಡಿಬಂತು. ಸೊಸೆ ಎಮ್ಮೆಯ ಹಗ್ಗ ಬಿಚ್ಚಿದಳು. ಆದರೆ ನಿನ್ನೆಯೇ ನಾವಿಬ್ಬರೂ ಬಣವೆಯ ಹಿಂದೆ ಅಂಥ ಪಟ್ಟಿ ಗುಡಿಸಿಟ್ಟಿದ್ದೆವು. ಉರಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ, ತೆಪ್ಪಗೆ ಆರಿತು. ಉಳಿದದ್ದನ್ನು ಊರವರು ಹಸಿ ಬೇವಿನ ಸೊಪ್ಪಿನ ಟೊಂಗೆಗಳಿಂದ ಬಡಿದು ಆರಿಸಿದರು.

ಕಲ್ಲಪ್ಪ ಅರ್ಧ ಮೀಸೆ ಸುಟ್ಟುಕೊಂಡು ಬಂದ. "ಗೆರಿ ಅಂತೂ ಬಿತ್ತಲ್ಲ, ಆಯಿ?"

"ಬಿತ್ತಪ್ಪಾ, ನಿನ್ನ ಮೀಸಿಗೂ ಬಿತ್ತು."

ಇನ್ನು ಮೇಲೆ ಅದನ್ನು ಕಸಬರಿಗೆ ಗೆರೆ ಎನ್ನಿರಿ ಎಂದು ಸಾಹೇಬರಿಗೆ ಹೇಳಿದ್ದೇನೆ. ಕಸಬರಿಗೆ ಎಂಬ ಹೆಸರು ಕೇಳಿದರೆ ಸಾಕು, ಕಲ್ಲಪ್ಪ ಆ ಕಡೆ ಹಾಯುವುದಿಲ್ಲ, ಗುಡ್ಡ ಬದುಕುತ್ತದೆ.