ಅಕ್ಕ ಬರೆಸಿಟ್ಟ ಒಂಬತ್ತು ಪುಸ್ತಕ

ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂರಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಬೇಕಾದ ಪುಸ್ತಕ ಬೇರೆಯವರ ಕೈಯಲ್ಲಿದ್ದರೆ ಕೇಳಿದವರ ಹೆಸರನ್ನು ಸರದಿ ಪಟ್ಟಿಗೆ ಹಾಕಿ, ಅದು ಬಂದ ದಿನ ಫೋನ್ ಮಾಡುವುದು. ಹಾಗೇ ಒಂದು ದಿನ ಭೂಗೋಳದ ಟೀಚರಿಗೆ ಫೋನ್ ಮಾಡಿದೆ. ಅವರು ಶಾಲೆಯಿಂದ ನಿವೃತ್ತರಾದವರು, ವಾರಕ್ಕೆರಡು ಸಲ ತಪ್ಪದೆ ಬರುವವರು. ಇತ್ತೀಚೆಗೆ ಯಾಕೋ ಕಾಣಿಸಿರಲಿಲ್ಲ.

ಫೋನ್ ಎತ್ತಿದ್ದು ಬೇರೆ ದನಿ. ಪುಸ್ತಕ ಬಂದಿದೆ ಎಂದೆ. ಅಕ್ಕ ತೀರಿಕೊಂಡು ಹದಿನಾರು ದಿನವಾಯಿತು ಎಂದು ಆ ಕಡೆಯಿಂದ ಉತ್ತರ ಬಂತು. ಗಡಿಯಾರ ನೋಡಿ ಟೈಮ್ ಹೇಳಿದ ಹಾಗಿತ್ತು. ಕ್ಷಮಿಸಿ, ಹೆಸರು ತೆಗೆದುಹಾಕುತ್ತೇನೆ ಎಂದು ತಡವರಿಸುತ್ತಿದ್ದಾಗ ಆ ದನಿ ಕೇಳಿತು: "ಯಾವ ಪುಸ್ತಕ?"

ಮಾರನೇ ದಿನ ತಂಗಿ ಬಂದರು. ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಅಕ್ಕನ ಗಂಡ ಹೋದಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದರು, ಹನ್ನೊಂದು ವರ್ಷ. ಅಕ್ಕ ತಂದಿಟ್ಟಿದ್ದ ಎರಡು ಪುಸ್ತಕಗಳನ್ನೂ ಕಾರ್ಡನ್ನೂ ಮೇಜಿನ ಮೇಲಿಟ್ಟರು. ನಾನು ಕಾರ್ಡ್ ತೆಗೆದುಕೊಳ್ಳುವಷ್ಟರಲ್ಲಿ ಅದರ ಮೇಲೆ ಬೆರಳಿಟ್ಟು, ನಿನ್ನೆ ಹೇಳಿದ ಪುಸ್ತಕ ಕೊಡಿ ಎಂದರು. ಒಬ್ಬರ ಕಾರ್ಡಿನ ಮೇಲೆ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಅದನ್ನು ಹೇಳಲು ಬಾಯಿ ತೆರೆದವನು ಮುಚ್ಚಿದೆ. ಪಟ್ಟಿ ನೋಡಿದರೆ ಟೀಚರ್ ಒಟ್ಟು ಒಂಬತ್ತು ಪುಸ್ತಕಗಳಿಗೆ ಹೆಸರು ಬರೆಸಿದ್ದರು. ಎಲ್ಲವೂ ಹೊಸವು, ಒಂದೊಂದರ ಮುಂದೆಯೂ ಮಾರುದ್ದ ಸಾಲು. ಕಾರ್ಡಿಗೆ ವರ್ಷದ ಕೊನೆಯವರೆಗೆ ಜೀವವಿತ್ತು. ಬಂದಾಗೆಲ್ಲ ಫೋನ್ ಮಾಡುತ್ತೇನೆ ಎಂದೆ.

"ನನಗೆ ಓದೋ ಅಭ್ಯಾಸ ಇಲ್ಲ," ಎಂದರು. "ಆದ್ರೆ ಅವಳು ಕಾಯ್ತಿದ್ಳು."

ಕಿಟಕಿಯ ಪಕ್ಕದ ಮೇಜಿನ ಮೇಲೆ ನಮ್ಮಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಓದುಗರು ತಮ್ಮ ಅಭಿಪ್ರಾಯ ಬರೆಯಲಿ ಎಂದು ಮುಖ್ಯಸ್ಥೆ ಇಡಿಸಿದ್ದು. ಮೊದಮೊದಲು ಜನ ಉತ್ಸಾಹದಿಂದ ಬರೆದರು. ಆಮೇಲೆ 'ಚೆನ್ನಾಗಿದೆ', 'ತುಂಬಾ ಚೆನ್ನಾಗಿದೆ', 'ಎಲ್ಲರೂ ಓದಲೇಬೇಕು' ಇಷ್ಟರಲ್ಲೇ ಸುತ್ತತೊಡಗಿತು. ಒಬ್ಬ ಮಹಾಶಯ ಫ್ಯಾನ್ ಸದ್ದು ಮಾಡುತ್ತದೆ ಎಂದು ಬರೆದಿದ್ದ. ಎರಡು ವಾರದ ಮೇಲೆ ಎಕ್ಸ್-ರೇ ಮೇಡಂ ಮೊದಲ ಪುಸ್ತಕ ವಾಪಸ್ ತಂದಾಗ, ನಾನು ಸುಮ್ಮನೆ ಬಾಯಿಮಾತಿಗೆ, ಇಷ್ಟವಾದರೆ ಬರೆಯಿರಿ ಎಂದೆ. ಇಷ್ಟವಾಗದಿದ್ದರೆ ಬರೆಯಬಾರದೇ ಎಂದು ಕೇಳಿದರು. ಬರೆಯಬಹುದು ಎಂದೆ.

ಅದು ಮೂರು ತಲೆಮಾರಿನ ಸಂಸಾರದ ಕತೆಯಿದ್ದ ದಪ್ಪ ಕಾದಂಬರಿ. ಅವರು ನಿಂತೇ ಬರೆದರು: 'ಆರುನೂರ ಹತ್ತು ಪುಟ. ನಾಲ್ಕು ಮದುವೆ, ಮೂರು ಸಾವು. ಮದುವೆಗೆ ಯಾರು ಏನು ಉಟ್ಟಿದ್ದರು ಎಂದು ವಿವರವಾಗಿ ಇದೆ. ಸತ್ತವರ ಬಟ್ಟೆಗಳನ್ನು ಮನೆಯವರು ಏನು ಮಾಡಿದರು ಎಂದು ಎಲ್ಲೂ ಇಲ್ಲ. ನಾನು ಅದಕ್ಕಾಗಿ ಕೊನೆಯವರೆಗೆ ಓದಿದೆ.'

ಆ ಸಂಜೆ ಮೂರು ನಾಲ್ಕು ಸಲ ಹೋಗಿ ನಾನು ಅದನ್ನು ಓದಿದೆ.

ಎರಡನೆಯದು ದೀಪಸ್ತಂಭ ಕಾಯುವವರ ಬಗ್ಗೆ ಒಬ್ಬ ಪತ್ರಕರ್ತ ಬರೆದದ್ದು. ಅದಕ್ಕೆ ಅವರು ಬರೆದದ್ದು ಹೀಗೆ: 'ಮಾಹಿತಿ ಇದೆ. ಒಂಟಿತನದ ಬಗ್ಗೆ ಲೇಖಕರು ಬಹಳ ಹೇಳಿದ್ದಾರೆ. ಅವರು ಅಲ್ಲಿದ್ದದ್ದು ಆರು ದಿನ.' ಮೂರನೆಯದು ಪತ್ತೇದಾರಿ ಕತೆ. ಅದರಲ್ಲಿ ನಾಯಕನ ಕೊರಳೆಲುಬು ಮುರಿದ ಮಾರನೇ ದಿನವೇ ಅವನು ದೋಣಿಗೆ ಹುಟ್ಟು ಹಾಕುತ್ತಾನಂತೆ. 'ಸಾಧ್ಯವಿಲ್ಲ. ಆರು ವಾರ ಬೇಕು. ಕೊಲೆಗಾರ ಯಾರೆಂಬುದು ನನಗೆ ಈಗ ನೆನಪಿಲ್ಲ.'

ಜನ ಪುಸ್ತಕ ಬಿಟ್ಟು ರಿಜಿಸ್ಟರ್ ಓದಲು ಬರತೊಡಗಿದರು. ಕಾಲೇಜಿನ ಹುಡುಗಿಯರು ಅದರ ಸುತ್ತ ನಿಂತು ಕಿಸಕ್ಕೆಂದು ನಗುತ್ತಿದ್ದರು. ಮೇಡಂ ತಮಾಷೆಗೆ ಬರೆದದ್ದಲ್ಲ ಎಂದು ನನಗೆ ಗೊತ್ತಿತ್ತು. ಕೌಂಟರಿನ ಮುಂದೆ ನಿಂತಾಗ ಅವರ ಮುಖ ನೋಡಿದರೆ ಗೋಡೆ ನೋಡಿದ ಹಾಗೆ. ದುಃಖ ಅಂತಲೂ ಇಲ್ಲ, ಸಿಟ್ಟು ಅಂತಲೂ ಇಲ್ಲ. ಮಳೆ ಬರುವ ಹಾಗಿದೆ ಅಂದರೆ, ಹೌದು ಅನ್ನುತ್ತಿದ್ದರು. ಬರುವ ಹಾಗಿಲ್ಲ ಅಂದರೂ ಹೌದು.

ನಾಲ್ಕನೆಯ ಪುಸ್ತಕದಿಂದ ಜಗಳ ಹತ್ತಿತು. ಅದು ಆ ವರ್ಷ ಎಲ್ಲರೂ ಮೆಚ್ಚಿದ ಪ್ರೇಮ ಕಾದಂಬರಿ. ನಮ್ಮಲ್ಲಿ ಒಬ್ಬರು ಖಾಯಂ ಓದುಗರಿದ್ದಾರೆ, ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಎಲ್ಲರೂ ಅವರನ್ನು ಮೆಷಿನ್ ಮಾವ ಎನ್ನುತ್ತೇವೆ. ಕಾದಂಬರಿ ಓದುತ್ತಾ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ. ಈ ಕಾದಂಬರಿಯನ್ನಂತೂ ಎರಡು ಸಲ ಓದಿ, ಎರಡು ಸಲವೂ ಅತ್ತಿದ್ದರು. ರಿಜಿಸ್ಟರಿನಲ್ಲಿ ನೋಡಿದರೆ: 'ಇಬ್ಬರೂ ಕೊನೆಯಲ್ಲಿ ಬೇರೆಯಾಗುತ್ತಾರೆ. ಅದಕ್ಕೆ ಮುನ್ನ ಹನ್ನೆರಡು ಪುಟ ಮಾತಾಡುತ್ತಾರೆ. ಅಷ್ಟು ಮಾತಾಡಲು ಬರುವವರು ಬೇರೆಯಾಗುವ ಅಗತ್ಯವಿರಲಿಲ್ಲ.'

ಮೆಷಿನ್ ಮಾವ ಕೆಂಡವಾದರು. ಮುಖ್ಯಸ್ಥೆಯ ಕೋಣೆಗೆ ಹೋಗಿ, ಇಂಥವರಿಗೆಲ್ಲ ಬರೆಯಲು ಬಿಟ್ಟರೆ ಪುಸ್ತಕದ ಗೌರವ ಏನಾಗಬೇಕು ಎಂದು ವಾದಿಸಿದರು. ಮುಖ್ಯಸ್ಥೆ, ನೀವೂ ಬರೆಯಿರಿ ಎಂದು ಸಾಗಹಾಕಿದರು. ಅವರು ಇಡೀ ಒಂದು ಪುಟ ಬರೆದು ಕೊನೆಯಲ್ಲಿ, 'ಇದು ಹೃದಯವಿಲ್ಲದವರ ಓದು' ಎಂದು ಮುಗಿಸಿ, ಅಡಿಗೆರೆ ಎಳೆದರು.

ಮುಂದಿನ ಶನಿವಾರ ಮೇಡಂ ಅದನ್ನು ಪೂರ್ತಿ ಓದಿದರು. ಪೆನ್ನು ತೆಗೆದು ಅಡಿಗೆರೆಯ ಕೆಳಗೆ ಒಂದೇ ಪದ ಬರೆದು ಹೋದರು: 'ಇರಬಹುದು.'

ಮೆಷಿನ್ ಮಾವ ಜಗಳಕ್ಕೆ ತಯಾರಾಗಿ ಬಂದವರು ಆ ಪದ ನೋಡಿ ಸುಮಾರು ಹೊತ್ತು ಅಲ್ಲೇ ಕೂತರು. ಆಮೇಲೆ ಕೌಂಟರಿಗೆ ಬಂದು, ಯಾರು ಈಕೆ ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಕನ್ನಡಕ ಒರೆಸಿಕೊಂಡು ಹೊರಟುಹೋದರು.

ಅದಾದ ಒಂದೆರಡು ತಿಂಗಳಿಗೆ ನಾನು ಏಣಿಯಿಂದ ಬಿದ್ದೆ. ಮೇಲಿನ ಕಪಾಟಿನಿಂದ ಅಟ್ಲಾಸ್ ತೆಗೆಯಲು ಹೋಗಿ, ಅಟ್ಲಾಸೂ ನಾನೂ ಒಟ್ಟಿಗೇ ನೆಲಕ್ಕೆ. ಬಲಗೈ ಮಣಿಕಟ್ಟು ಊದಿಕೊಂಡಿತು. ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು ನೆಲಮಾಳಿಗೆಗೆ ಕಳಿಸಿದರು. ಕಿಟಕಿಯಿಲ್ಲದ ಕೋಣೆ, ತಣ್ಣಗೆ ಕೊರೆಯುವ ಮೇಜು, ಗೂಟಕ್ಕೆ ನೇತುಹಾಕಿದ ಸೀಸದ ಏಪ್ರನ್. ಮೇಡಂ ಇದ್ದರು. ನನ್ನ ಕೈಯನ್ನು ಹಕ್ಕಿಮರಿ ಎತ್ತಿದ ಹಾಗೆ ಎತ್ತಿ ಪ್ಲೇಟಿನ ಮೇಲಿಟ್ಟು, ಬೆರಳು ಬಿಡಿಸಿ, ಅಲುಗಾಡಬೇಡಿ ಎಂದರು. ಪುಸ್ತಕದ ಕೆಲಸದಲ್ಲಿ ಮೂಳೆ ಮುರಿಯುತ್ತದೆ ಎಂದು ಗೊತ್ತಿರಲಿಲ್ಲ ಎಂದೂ ಹೇಳಿದರು. ಅವರ ಬಾಯಲ್ಲಿ ನಾನು ಕೇಳಿದ ಒಂದೇ ತಮಾಷೆ ಅದು. ಹೇಳುವಾಗಲೂ ನಗಲಿಲ್ಲ.

ಚಿತ್ರ ತೆಗೆದು ಅವರು ಮರೆಯಿಂದ ಹೊರಬಂದಮೇಲೆ ನಾನು ಎಲ್ಲರೂ ಕೇಳುವುದನ್ನೇ ಕೇಳಿದೆ. ಏನಾದರೂ ಕಾಣಿಸಿತೇ?

"ಡಾಕ್ಟರ್ ಹೇಳ್ತಾರೆ," ಎಂದರು. ಹಾಗೆ ಅಂದವರು ಅಲ್ಲೇ ನಿಂತುಬಿಟ್ಟರು. ಹೊರಗೆ ಬೇರೆ ರೋಗಿಗಳಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳತೊಡಗಿದರು.

ಅಕ್ಕನಿಗೆ ಕೆಮ್ಮು ನಿಲ್ಲದಿದ್ದಾಗ ಎದೆಯ ಚಿತ್ರ ತೆಗೆದದ್ದು ಅವರೇ. ಬೇರೆಯವರ ಕೈಲಿ ತೆಗೆಸಬಹುದಿತ್ತು, ಆ ಮಂಗಳವಾರ ಜೊತೆಯವಳು ರಜೆಯಲ್ಲಿದ್ದಳು. ಪರದೆಯ ಮೇಲೆ ಬಿದ್ದ ತಕ್ಷಣ ಅವರಿಗೆ ತಿಳಿಯಿತು. ಇಪ್ಪತ್ತೆಂಟು ವರ್ಷ ನೆರಳು ನೋಡಿದ ಕಣ್ಣು. ಆದರೆ ಅವರ ಕೆಲಸದಲ್ಲಿ ಹೇಳುವ ಹಾಗಿಲ್ಲ, ಹೇಳಬೇಕಾದವರು ಡಾಕ್ಟರು. ಅಕ್ಕ ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ, ಏನಾದ್ರೂ ಕಾಣ್ತಾ ಎಂದು ಕೇಳಿದಳಂತೆ. ಡಾಕ್ಟರ್ ಹೇಳ್ತಾರೆ ಎಂದರಂತೆ ಇವರು. ಡಾಕ್ಟರ ಭೇಟಿ ಸಿಕ್ಕಿದ್ದು ಶನಿವಾರ. ನಡುವಿನ ನಾಲ್ಕು ದಿನ ಒಂದೇ ಮನೆಯಲ್ಲಿ ಒಟ್ಟಿಗೆ ಉಂಡು, ಅಕ್ಕಪಕ್ಕ ಮಲಗಿ, ಇವರು ಬಾಯಿ ಬಿಡಲಿಲ್ಲ. ಆಮೇಲೆ ಏಳು ವಾರ. ಅಷ್ಟೇ.

"ಅವತ್ತಿಂದ ಏನೂ ಅನ್ಸೋದಿಲ್ಲ," ಎಂದರು. "ಅವಳು ಹೋದ ದಿನಾನೂ ಅನ್ನಿಸ್ಲಿಲ್ಲ. ಪುಸ್ತಕದಲ್ಲಾದ್ರೂ ಏನಾದ್ರೂ ಆಗುತ್ತೇನೋ ಅಂತ ಓದ್ತೀನಿ."

ಮಣಿಕಟ್ಟಿನಲ್ಲಿ ಸಣ್ಣ ಬಿರುಕಿತ್ತು. ಪಟ್ಟಿ ಕಟ್ಟಿಸಿಕೊಂಡು ಮೂರನೇ ದಿನ ಕೆಲಸಕ್ಕೆ ಬಂದವನು ಎಡಗೈಯಲ್ಲಿ ಸರದಿ ಪಟ್ಟಿ ತೆಗೆದೆ. ಟೀಚರ್ ಹೆಸರಿನ ಎದುರು ಒಂಬತ್ತು ಕಡೆಯೂ ಒಂದೇ ತಾರೀಖು, ನನ್ನದೇ ಕೈಬರಹ. ಕ್ಯಾಲೆಂಡರ್ ಮಗುಚಿ, ಟೀಚರ್ ತೀರಿಕೊಂಡ ದಿನದಿಂದ ಏಳು ವಾರ ಹಿಂದಕ್ಕೆ ಎಣಿಸಿದೆ. ಬುಧವಾರ. ಚಿತ್ರ ತೆಗೆದ ಮಾರನೇ ದಿನ.

ಹೇಳಲೋ ಬೇಡವೋ ಎಂದು ಮನಸ್ಸು ಹೊಯ್ದಾಡಿತು. ನನಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಸುಮ್ಮನಾದೆ.

ಎಂಟನೆಯ ಪುಸ್ತಕ ಬಂದಾಗ ಎಲೆ ಉದುರುವ ಕಾಲ. ಹೆಂಡತಿ ತೀರಿಕೊಂಡ ಒಬ್ಬ ವಿಜ್ಞಾನಿ ತನ್ನ ದುಃಖವನ್ನು ಬರೆದಿಟ್ಟ ಪುಸ್ತಕ. ಅದನ್ನು ಕೊಡಲು ನನಗೇ ಮುಜುಗರವಾಯಿತು. ಮೇಡಂ ಹೊದಿಕೆ ನೋಡಿ, ಅಕ್ಕ ಇದನ್ನೂ ಬರೆಸಿದ್ದಳೇ ಎಂದರು. ಆಮೇಲೆ, "ಯಾವಾಗ ಬರೆಸಿದ್ದು ಇವನ್ನೆಲ್ಲ?" ಎಂದು ಕೇಳಿದರು.

ಸುಳ್ಳು ಹೇಳಲು ಆಗಲಿಲ್ಲ. ಪಟ್ಟಿಯನ್ನೇ ತಿರುಗಿಸಿ ತೋರಿಸಿದೆ.

ಅವರು ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು. "ಏನಾದ್ರೂ ಹೇಳಿದ್ಳಾ ಅವತ್ತು?"

ನೆನಪಿತ್ತು. ಬಾಗಿಲು ತೆಗೆಯುತ್ತಿದ್ದ ಹಾಗೇ ಬಂದಿದ್ದರು, ಕೈಯಲ್ಲಿ ಚೀಟಿ. ಒಂದು ಪುಸ್ತಕಕ್ಕೆ ಹತ್ತೊಂಬತ್ತು ಜನ ಮುಂದಿದ್ದಾರೆ, ವರ್ಷದ ಕೊನೆಯಾಗುತ್ತದೆ ಎಂದು ನಾನು ಎಚ್ಚರಿಸಿದ್ದೆ. ಪರವಾಗಿಲ್ಲ, ಬರ್ಕೊಳ್ಳಿ ಎಂದಿದ್ದರು. ನಕ್ಕಿದ್ದರು ಕೂಡ. ಅಷ್ಟನ್ನೇ ಹೇಳಿದೆ.

"ನನ್ನ ಮುಖ ನೋಡೇ ಗೊತ್ತಾಗಿರುತ್ತೆ ಅವಳಿಗೆ," ಎಂದರು ಮೇಡಂ. ಆಮೇಲೆ, "ಹಾಗಾದ್ರೆ ಆ ನಾಲ್ಕು ದಿನ ಇಬ್ಬರೂ ಸುಮ್ಮನಿದ್ವಿ."

ಅಳುತ್ತಾರೆಂದು ನಾನು ಕುರ್ಚಿ ಎಳೆದುಕೊಡಲು ಎದ್ದೆ. ಅಳಲಿಲ್ಲ. ಪುಸ್ತಕಕ್ಕೆ ತಾರೀಖಿನ ಮುದ್ರೆ ಹಾಕಿಸಿಕೊಂಡು, ಚೀಲಕ್ಕೆ ಸೇರಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಹೋದರು.

ಆ ಪುಸ್ತಕಕ್ಕೆ ಅವರು ಬರೆದ ಅಭಿಪ್ರಾಯ ಎಲ್ಲಕ್ಕಿಂತ ಉದ್ದವಾದದ್ದು. 'ಲೇಖಕರು ಮೊದಲ ಪುಟದಲ್ಲೇ ಅಳುತ್ತಾರೆ. ಆಮೇಲೆ ಹಂತ ಹಂತವಾಗಿ ಸುಧಾರಿಸಿಕೊಳ್ಳುತ್ತಾರೆ. ಅವರಿಗೆ ಹಾಗಾದದ್ದು ಸಂತೋಷ. ಏನೂ ಅನಿಸದವರ ಬಗ್ಗೆ ಒಂದು ಪ್ಯಾರಾ ಇದೆ, ನೂರ ನಲವತ್ತೆರಡನೇ ಪುಟದಲ್ಲಿ. ಅದು ಕೆಲವು ವಾರ ಇರುತ್ತದೆ ಎಂದಿದ್ದಾರೆ. ನನಗೆ ಎಂಟು ತಿಂಗಳಾಯಿತು. ಪುಸ್ತಕ ತಪ್ಪು ಎನ್ನುವುದಿಲ್ಲ. ಆ ಪ್ಯಾರಾ ಚಿಕ್ಕದಾಯಿತು.'

ಅದರ ಕೆಳಗೆ ಮೂರು ದಿನದಲ್ಲಿ ಬೇರೆ ಬೇರೆ ಕೈಬರಹದಲ್ಲಿ ಸಾಲುಗಳು ಬಿದ್ದವು. 'ನನಗೆ ಎರಡು ವರ್ಷ.' 'ನನಗೂ.' ಒಂದು ಸಾಲಿನಲ್ಲಿ ಬರೀ 'ಅಪ್ಪ' ಎಂದಿತ್ತು. ಮೆಷಿನ್ ಮಾವ ಏನೂ ಬರೆಯಲಿಲ್ಲ, ಪೆನ್ನು ಹಿಡಿದು ಕೂತಿದ್ದು ಕಂಡೆ.

ಒಂಬತ್ತನೆಯದು ಮರುಭೂಮಿ ದಾಟಿದವಳೊಬ್ಬಳ ಪ್ರವಾಸ ಕಥನ. ವರ್ಷ ಮುಗಿಯಲು ಆರು ದಿನವಿರುವಾಗ ಅದು ವಾಪಸ್ ಬಂತು. 'ನಕ್ಷೆ ಚೆನ್ನಾಗಿದೆ. ಅಕ್ಕನಿಗೆ ನಕ್ಷೆ ಇಷ್ಟ' ಎಂದಷ್ಟೇ ಬರೆದು ಕಾರ್ಡನ್ನು ನನ್ನ ಕೈಗೆ ಕೊಟ್ಟರು. ನಾನು ಅವರ ಹೆಸರಿನಲ್ಲೇ ಹೊಸ ಕಾರ್ಡ್ ಮಾಡಿಕೊಡುತ್ತೇನೆ ಎಂದೆ. ಬೇಡ ಎಂದರು. ಪ್ರಯತ್ನ ಮಾಡಿದೆ, ಓದುವುದು ನನಗೆ ಒಗ್ಗಲಿಲ್ಲ ಎಂದರು. ಅದನ್ನೂ ಅಭಿಪ್ರಾಯ ಹೇಳಿದ ಹಾಗೆಯೇ ಹೇಳಿದರು.

ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಮುಂದಿನ ಶನಿವಾರ ಮಧ್ಯಾಹ್ನ ಬಂದು ಕಿಟಕಿಯ ಪಕ್ಕ ಕೂತರು, ಕೈಯಲ್ಲಿ ಏನೂ ಇಲ್ಲದೆ. ಅದರ ಮುಂದಿನ ಶನಿವಾರವೂ. ಶನಿವಾರ ಅರ್ಧ ದಿನ ರಜೆ, ಮನೆ ಬಹಳ ಸದ್ದಿಲ್ಲದೆ ಇರುತ್ತದೆ ಎಂದರು. ಇಲ್ಲೂ ಸದ್ದಿಲ್ಲವಲ್ಲ ಎಂದೆ. ಇಲ್ಲಿ ಬೇರೆ ಥರ ಎಂದರು. ಓದದೆ ಕೂರುವವರಿಗೆ ಜಾಗ ಕೊಡಬಾರದೆಂದು ಬೋರ್ಡಿನಲ್ಲಿದೆ. ಮುಖ್ಯಸ್ಥೆ ಒಮ್ಮೆ ಅತ್ತ ನೋಡಿದರು. ನಾನು ಹೋಗಿ ಅವರ ಮುಂದೆ ಒಂದು ದಿನಪತ್ರಿಕೆ ಹಾಸಿ ಬಂದೆ. ಅವರು ಅದರ ಪುಟ ತಿರುಗಿಸುವುದಿಲ್ಲ. ಎದುರಿನ ಕುರ್ಚಿಯಲ್ಲಿ ಈಗ ಮೆಷಿನ್ ಮಾವ ಕೂರುತ್ತಾರೆ. ಮಾತೇನೂ ನಡೆಯುವುದಿಲ್ಲ.

ಕಳೆದ ಶನಿವಾರ ಆರು ಗಂಟೆಗೆ ಬಾಗಿಲು ಹಾಕಲು ಎದ್ದಾಗ ಮೇಡಂ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಎಬ್ಬಿಸಲು ಹತ್ತಿರ ಹೋದೆ. ಮೆಷಿನ್ ಮಾವ ಕೈಸನ್ನೆಯಲ್ಲೇ ಬೇಡ ಎಂದರು. ಇಬ್ಬರೂ ಸೇರಿ ಸದ್ದಾಗದ ಹಾಗೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆವು. ಆಮೇಲೆ ಕೌಂಟರಿನ ಹತ್ತಿರ ನಿಂತು, ಅವರು ತಾವಾಗಿ ಏಳುವವರೆಗೆ ಕಾದೆವು.