ಆಗಮನ ಕಾಲಕ್ಕೆ ಮುಂಚಿನ ಭಾನುವಾರ

ಐರಿನ್, ನಿನ್ನ ಮದುವೆ ಮುರಿದವಳು ನಾನು. ದೇವರ ಚಿತ್ತವೂ ಅಲ್ಲ, ಹಣೆಬರಹವೂ ಅಲ್ಲ — ಪಕ್ಕದ ಮನೆಯ ಲಿಲ್ಲಿ, ನೀನು ಬಾಯಿತುಂಬ ಅಕ್ಕ ಎಂದು ಕರೆಯುವವಳು.

ನಿನ್ನ ಅಮ್ಮನ ಮೇಲಿನ ಸೇಡು ಅದು. ಮೊಂತಿ ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆ ಹಂಚುತ್ತಿದ್ದರು. ನನ್ನ ತಂಗಿ ಗ್ಲಾಡಿಸಳನ್ನು ನೋಡಿ ಒಪ್ಪಿಹೋಗಿದ್ದ ಕಾಪುವಿನ ಗಂಡಿನ ಕಡೆಯವರೂ ಬಂದಿದ್ದರು. ಅವರಿಗೆ ನಿನ್ನ ಅಮ್ಮ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಹುಡುಗಿಗೆ ಫಿಟ್ಸ್ ಉಂಟು. ನೋಡಿಕೊಂಡು ಮಾಡಿ." ಮಗುವಾಗಿದ್ದಾಗ ಜ್ವರ ತಲೆಗೇರಿ ಒಮ್ಮೆ ಬಂದದ್ದು, ಅಷ್ಟೇ. ಕಾಪುವಿನವರು ಮತ್ತೆ ಬರಲಿಲ್ಲ. ಗ್ಲಾಡಿಸ್ ಆಮೇಲೆ ಯಾರ ಮುಂದೆಯೂ ಕಾಫಿ ಹಿಡಿದು ನಿಲ್ಲಲು ಒಪ್ಪಲಿಲ್ಲ.

ನಾನು ಹಲ್ಲು ಕಚ್ಚಿ ಕಾದೆ. ನಿನ್ನ ಮದುವೆ ನಿಶ್ಚಯವಾಗಿ, ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುವುದು ಶುರುವಾಯಿತು. ಅಡ್ಡಿ ಗೊತ್ತಿದ್ದವರು ಫಾದರ್‌ಗೆ ತಿಳಿಸಬೇಕು — ಪದ್ಧತಿ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ ಆಗಮನ ಕಾಲ ಹಿಡಿದರೆ ಹಬ್ಬ ಕಳೆಯುವವರೆಗೆ ನಮ್ಮಲ್ಲಿ ಮದುವೆಯಿಲ್ಲ. ದುಬೈಯಿಂದ ಬಂದಿದ್ದ ನಿನ್ನ ಹುಡುಗನ ರಜೆ ಕ್ರಿಸ್ಮಸ್ಸಿಗೆ ಮುಂಚೆಯೇ ಮುಗಿಯುತ್ತಿತ್ತು. ಮದುವೆಯನ್ನು ಒಂದು ವಾರ ತಡ ಮಾಡಿಸಿದರೆ ಸಾಕಿತ್ತು. ಆಗಮನ ಕಾಲಕ್ಕೆ ಮುಂಚಿನ ಭಾನುವಾರ, ಕೊನೆಯ ಪ್ರಕಟಣೆ ಆದ ಮೇಲೆ, ಹೋಗಿ ಹೇಳಿದೆ: "ಹುಡುಗನಿಗೆ ಮುಂಬೈಯಲ್ಲಿ ರಿಜಿಸ್ಟರ್ ಮದುವೆ ಆಗಿದೆಯಂತೆ ಫಾದರ್. ನನ್ನ ಹೆಸರು ಹೇಳಬೇಡಿ."

ಫಾದರ್ ವಿಚಾರಿಸದೆ ಬಿಡುವಂತಿರಲಿಲ್ಲ. ಮುಂಬೈಯಿಂದ "ಅಂಥದ್ದೇನೂ ಇಲ್ಲ" ಎಂಬ ಉತ್ತರ ಬರುವಾಗ ಅವರು ಆಗಮನ ಕಾಲದ ನೇರಳೆ ವಸ್ತ್ರ ಉಟ್ಟಾಗಿತ್ತು. ನಿಮ್ಮ ಊರಿನವರೇ ಹೆಸರು ಕೆಡಿಸಿದರು ಎಂದು ಹುಡುಗನ ಕಡೆಯವರು ಸಂಬಂಧ ಬಿಟ್ಟರು. ನೀನು ಬಂದು ಕೇಳಿದೆ: "ಅಕ್ಕಾ, ನಮ್ಮ ಮೇಲೆ ಯಾರಿಗೆ ಇಷ್ಟು ಹೊಟ್ಟೆಕಿಚ್ಚು?"

"ದೇವರಿಗೆ ಗೊತ್ತುಂಟು" ಎಂದೆ. ಆ ಕ್ರಿಸ್ಮಸ್ಸಿಗೆ ನಾನು ಹೊಟ್ಟೆತುಂಬ ಉಂಡೆ, ಐರಿನ್.

ಈಸ್ಟರ್ ಹಬ್ಬಕ್ಕೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲೂ ಫಾದರ್ ಹತ್ತಿರ ಪಾಪನಿವೇದನೆಗೆ ಹೋದೆ. ಸಿಟ್ಟು ಮಾಡಿದ್ದು, ಪೂಜೆ ತಪ್ಪಿಸಿದ್ದು — ಎಲ್ಲ ಹೇಳಿದೆ. ಇದೊಂದನ್ನು ಬಿಟ್ಟು.

ಈ ವರ್ಷ ತಪಸ್ಸುಕಾಲ ಶುರುವಾಗಿ ಹಣೆಗೆ ಬೂದಿ ಹಚ್ಚಿಸಿಕೊಂಡ ದಿನ ನಿನ್ನ ಅಮ್ಮ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಗ್ಲಾಡಿಸಳಿಗೆ ಮಾಡಿದ್ದಕ್ಕೇ ನನ್ನ ಮಗಳು ಮದುವೆಯಿಲ್ಲದೆ ಹೀಗೆ ಉಳಿದಳು. ನನ್ನ ಪಾಪ ಅದು ಲಿಲ್ಲಿ. ಕ್ಷಮಿಸು." ಕ್ಷಮಿಸಿದೆ ಎಂದೆ. ಸುಳ್ಳು. ಅವರು ಅಳುವುದನ್ನು ನೋಡಿ ನನಗೆ ಹಿತವಾಗುತ್ತಿತ್ತು — ಇನ್ನಷ್ಟು ಅಳಲಿ ಅನಿಸಿತು. ಒಂದು ಮಾತು ಹೇಳಿದ್ದರೆ ಆ ಜೀವ ಹಗುರಾಗುತ್ತಿತ್ತು. ಹೇಳಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ ಅವರು ತೀರಿಕೊಂಡರು, ನನ್ನ ಪಾಪವನ್ನು ತಮ್ಮದೆಂದುಕೊಂಡೇ.

ಅವರ ಮೇಲಿನ ಸಿಟ್ಟು ಈಗಲೂ ಆರಿಲ್ಲ. ಆರಿದೆ ಎಂದರೆ ಇನ್ನೊಂದು ಸುಳ್ಳಾದೀತು. ಆದರೆ ನೀನು ನನಗೆ ಏನು ಮಾಡಿದ್ದೆ?

ಬರುವ ಭಾನುವಾರ ಪೂಜೆ ಬಿಟ್ಟ ಮೇಲೆ, ಜನ ಇನ್ನೂ ಅಂಗಳದಲ್ಲಿ ಇರುವಾಗ, ಇದನ್ನೆಲ್ಲ ನಿನ್ನೆದುರು ಗಟ್ಟಿಯಾಗಿ ಹೇಳುತ್ತೇನೆ. ನೀನು ಕ್ಷಮಿಸಬೇಡ. ನಿನ್ನ ಅಮ್ಮನ ಪಾಪವಲ್ಲ ಅದು ಎಂದು ನಾಲ್ಕು ಜನ ಕೇಳಿಸಿಕೊಳ್ಳಲಿ.