ಗೇಟಿನ ಹೊರಗೆ ಕೂತು ನೋಡಿದ ಶಾಲೆ

ಹೆಂಡತಿ ಮಗಳನ್ನು ಮಂಗಳೂರಿಗೆ ಕರೆತಂದ ಹೊಸದರಲ್ಲೇ ಒಂದು ಮಧ್ಯಾಹ್ನ ನನ್ನ ಮಗಳು ಹಾಲಮ್ಮ ಕಾಣೆಯಾದಳು. ಬೆಂಕಿಪೊಟ್ಟಣ ತರಲು ಅಂಗಡಿಗೆ ಹೋದವಳು ತಿರುಗಿ ಬರಲಿಲ್ಲ. ಕೆಲಸ ಬಿಟ್ಟು ಓಡಿಬಂದೆ. ಹೆಂಡತಿ ನೀಲಮ್ಮ ಒಂದು ಕಡೆ, ನಾನು ಒಂದು ಕಡೆ ಹುಡುಕಿದೆವು. ಹೊತ್ತು ಮುಳುಗುವ ಮುಂಚೆ ದೂರದ ಒಂದು ಬಸ್ ಶೆಲ್ಟರಿನಲ್ಲಿ ಸಿಕ್ಕಳು. ಬೆಂಕಿಪೊಟ್ಟಣ ಕೈಯಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿತ್ತು.

"ಯಾರರ ಏನರ ಅಂದ್ರೇನವ್ವಾ?" ಎಂದು ಕೇಳಿದೆ.

"ಯಾರೂ ಏನೂ ಅನ್ನಲಿಲ್ಲಪ್ಪಾ. ಯಾರೂ ಮಾತೇ ಆಡಿಸಲಿಲ್ಲ."

ಅವಳನ್ನು ಯಾರಾದರೂ ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ನೀವೆಲ್ಲ ನಮ್ಮ ಕಡೆ ಊರಲ್ಲೇ ಇರುವವರು, ಇದು ನಿಮಗೆ ಹೇಗೆ ತಿಳಿಯಬೇಕು? ಕೋಗಳಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಗು ದಾರಿ ತಪ್ಪುವುದೇ ಕಷ್ಟ. ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುತ್ತ ಓಣಿಯ ಕೊನೆ ಮುಟ್ಟಬಹುದು. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ನಿಂತರೆ ಸಾಕು, ಮೆಕ್ಕೆಜೋಳ ಮಾರಲು ಬಂದ ಯಾರೋ ಮುದುಕ "ಯಾವೂರವ್ವಾ? ಯಾರ ಮಗಳು?" ಎಂದು ಕೇಳಿಯೇ ಕೇಳುತ್ತಾನೆ. ಆ ಕೇಳುವಿಕೆ ಎಷ್ಟೋ ಸಲ ತಲೆ ತಿಂದಿದೆ. ಇಲ್ಲಿ ಅದೇ ಇಲ್ಲ.

ಇಲ್ಲಿ ಮನೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಕೆಂಪು ಮುರಕಲ್ಲಿನ ಕಾಂಪೌಂಡು, ಗೇಟು, ಗೇಟಿನ ಹಿಂದೆ ನಾಯಿ, ಅದರ ಹಿಂದೆ ಮರ, ಆಮೇಲೆ ಎಲ್ಲೋ ಒಳಗೆ ಮನೆ. ನಾನು ಗೌಂಡಿ. ಇಂಥ ಕಾಂಪೌಂಡುಗಳನ್ನು ಬೇಕಾದಷ್ಟು ಕಟ್ಟಿದ್ದೇನೆ, ನನ್ನ ಕೈಯ ಗೋಡೆ ಸೊಟ್ಟ ಎಂದವರು ಈ ಊರಲ್ಲಿ ಯಾರೂ ಇಲ್ಲ. ಆ ಸಂಜೆ ಮಗಳ ಕೈ ಹಿಡಿದು ಅವೇ ಗೋಡೆಗಳ ನಡುವೆ ಬರುವಾಗ ನಾನು ಕಟ್ಟಿದ್ದು ಏನನ್ನು ಎಂದು ಮೊದಲ ಸಲ ಅನ್ನಿಸಿತು.

ಜನ ಕೆಟ್ಟವರಲ್ಲ. ಮರ್ಯಾದಸ್ಥರು. ನಮ್ಮನ್ನು ‘ಘಟ್ಟದಾಕುಲು’ ಅನ್ನುತ್ತಾರೆ, ತುಳುವಿನಲ್ಲಿ ಘಟ್ಟದ ಮೇಲಿನವರು ಎಂದು. ಬೈಗುಳವೇನಲ್ಲ, ಆದರೂ ಅನ್ನಿಸಿಕೊಂಡವನಿಗೆ ತಿಳಿಯುತ್ತದೆ. ಕುಚ್ಚಲಕ್ಕಿಯ ದಪ್ಪ ಕೆಂಪನ್ನ ನಮ್ಮ ಗಂಟಲಲ್ಲಿ ಇಳಿಯಲು ಬಹಳ ದಿನ ಬೇಕಾಯಿತು. ನೀಲಮ್ಮ ಮಾರ್ಕೆಟ್ಟಿನ ಮೂಲೆಯ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ಅದನ್ನು ಮಗುವಿನಂತೆ ಅವಚಿಕೊಂಡು ಬಂದಳು. ಹಿಟ್ಟು ಸಿಕ್ಕಿತು, ಬಾಡಿಗೆ ಕೋಣೆ ಸಿಕ್ಕಿತು. ಉಳಿದದ್ದು ಶಾಲೆ.

ಹಾಲಮ್ಮ ಎಂಟನೇ ಕ್ಲಾಸಿಗೆ ಸೇರಬೇಕಿತ್ತು. ಅವಳಿಗೆ ನರ್ಸ್ ಆಗುವ ಆಸೆ. ನಾವು ಗಂಡ ಹೆಂಡತಿ ಇಬ್ಬರೂ ಹೊತ್ತು ಹುಟ್ಟುವ ಮುಂಚೆ ಕೆಲಸಕ್ಕೆ ಹೋಗುವವರು. ಹುಡುಗಿ ಒಬ್ಬಳೇ ಹೋಗಬೇಕು, ಒಬ್ಬಳೇ ಬರಬೇಕು. ಹತ್ತಿರದಲ್ಲಿ ಎರಡು ಸರ್ಕಾರಿ ಹೈಸ್ಕೂಲು ಇದ್ದವು. ಒಂದು ದೊಡ್ಡದು, ಗೇಟಿಗೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಫ್ಲೆಕ್ಸು. ಇನ್ನೊಂದು ಇಳಿಜಾರಿನ ಕೆಳಗೆ, ಹಂಚಿನ ಕಟ್ಟಡ, ಫ್ಲೆಕ್ಸು ಇಲ್ಲ.

"ದೊಡ್ಡ ಸಾಲಿಗೆ ಹಚ್ಚಪ್ಪಾ" ಎಂದಳು ಹಾಲಮ್ಮ. ನನ್ನ ಜೊತೆ ಕೆಲಸ ಮಾಡುವ ಕೂಡ್ಲಿಗಿ ಕಡೆಯ ಓಬಳೇಶನೂ ಅದನ್ನೇ ಹೇಳಿದ: "ಲೇ ಮೈಲಾರಿ, ಇದ್ರಾಗ ವಿಚಾರ ಮಾಡೋದು ಏನೈತಿ? ನಮ್ಮ ಕಡೆ ರಿಸಲ್ಟ್ ಬಂದ್ರ ಪೇಪರಿನಾಗ ಕೆಳಗಿಂದ ಹುಡುಕಬೇಕು. ಇಲ್ಲಿ ಮ್ಯಾಲಿಂದ ಓದತಾರ. ಅದಕ್ಕಲ್ಲೇನು ಗಂಟುಮೂಟಿ ಕಟ್ಟಿಕೊಂಡು ಬಂದಿದ್ದು?"

ದೊಡ್ಡ ಶಾಲೆಗೆ ಹೋದೆ. ಮೇಡಮ್ಮು ಕುರ್ಚಿ ಕೊಟ್ಟು ಮಾತಾಡಿಸಿದರು. ಸಂಜೆ ವಿಶೇಷ ತರಗತಿ ಇರುತ್ತದೆ, ಬಿಡುವಾಗ ಕತ್ತಲಾಗಬಹುದು ಎಂದರು. ಒಂಬತ್ತನೇ ಕ್ಲಾಸಿನಲ್ಲೇ ಮಕ್ಕಳ ಮಟ್ಟ ನೋಡುತ್ತೇವೆ, ಆಗದವರ ಮನೆಯವರಿಗೆ ಮುಂಚೆಯೇ ಹೇಳಿಬಿಡುತ್ತೇವೆ ಎಂದರು.

"ಏನಂತ ಹೇಳ್ತೀರಿ ಮೇಡಮ್ಮರ?"

"ಬೇರೆ ಕಡೆ ನೋಡಿ ಅಂತ. ಮಕ್ಕಳಿಗೇ ಒಳ್ಳೆಯದು."

ಅವರು ಸುಳ್ಳು ಹೇಳಲಿಲ್ಲ, ಒರಟಾಗಿಯೂ ಹೇಳಲಿಲ್ಲ. ಆದರೆ ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪನಿಗೂ ಯಾರೋ ಇಷ್ಟೇ ಮೆತ್ತಗೆ ಇದೇ ಮಾತು ಹೇಳಿದ್ದರು. ಮರುದಿನ ನನ್ನ ಕೈಗೆ ಗಾರೆ ಮೆತ್ತುವ ಕರಣಿ ಬಂದಿತ್ತು.

ಹೊರಗೆ ಬಂದು ಗೇಟಿನ ಎದುರು ಕೂತೆ. ನಮ್ಮ ಕಡೆ ಶಾಲೆ ನೋಡುವುದೆಂದರೆ ಹಾಗೇ ಅಲ್ಲವೇ? ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಮಕ್ಕಳು ಹೇಗೆ ಬರುತ್ತಾರೆ, ಮೇಷ್ಟ್ರು ಹೇಗೆ ಮಾತಾಡಿಸುತ್ತಾರೆ ನೋಡುವುದು. ಶಾಲೆ ಬಿಟ್ಟಿತು. ಮಕ್ಕಳು ನನ್ನನ್ನು ಸುತ್ತಿ ಹಾದುಹೋದರು. ಸ್ಕೂಟರಿನ ಮೇಲೆ ಬಂದ ಮೇಷ್ಟ್ರೊಬ್ಬರು ಹಾರ್ನ್ ಹೊಡೆದು, ನಾನು ಕಾಲು ಸರಿಸಿದ ಮೇಲೆ ಮುಂದೆ ಹೋದರು. ಗೇಟಿಗೆ ಬೀಗ ಬೀಳುವ ತನಕ ಕೂತಿದ್ದೆ.

ಇಳಿಜಾರಿನ ಕೆಳಗಿನ ಶಾಲೆಗೆ ಇನ್ನೊಂದು ದಿನ ಹೋದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತು. ಲುಂಗಿಗೆ ಸಿಮೆಂಟು ಮೆತ್ತಿತ್ತು, ಹೆಗಲ ಮೇಲೆ ಹಸಿರು ಟವೆಲ್ಲು. ಗೇಟಿನ ಹೊರಗಿನ ಮರದ ಬುಡದಲ್ಲಿ ಕೂತು ಆಡುವ ಹುಡುಗಿಯರನ್ನು ನೋಡುತ್ತಿದ್ದೆ. ಅಡುಗೆ ಕೋಣೆಯಿಂದ ಹೆಂಗಸೊಬ್ಬಳು ಸೌಟು ಹಿಡಿದುಕೊಂಡೇ ಬಂದಳು. ಗುಲಾಬಿಯಕ್ಕ ಎಂದು ಹೆಸರು, ಆಮೇಲೆ ತಿಳಿಯಿತು.

"ಏರ್ ಈರ್?" ಎಂದಳು. ಯಾರು ನೀವು ಎಂದು ತುಳು. ನಾನು ಬಾಯಿ ಬಿಡುವಷ್ಟರಲ್ಲಿ ಕನ್ನಡಕ್ಕೆ ಬಂದಳು. "ಆಗದಿಂದ ನೋಡ್ತಾ ಇದ್ದೇನೆ. ಹೆಣ್ಣುಮಕ್ಕಳನ್ನು ನೋಡಿಕೊಂಡು ಎಂತಕ್ಕೆ ಕೂತದ್ದು ನೀವು ಇಲ್ಲಿ?"

"ಸುಮ್ನ ಕುಂತೀನ್ರಿ."

ಅಷ್ಟು ಸಾಕಾಯಿತು. "ಸುಮ್ನೆ ಅಂತೆ!" ಎಂದು ಕೂಗಿದಳು. ರಿಕ್ಷಾ ಸ್ಟ್ಯಾಂಡಿನಿಂದ ಡ್ರೈವರುಗಳು ಬಂದರು. ಎದುರಿನ ಅಂಗಡಿಯವನು ಬಂದ. ಒಬ್ಬ ನನ್ನ ತೋಳು ಹಿಡಿದ. ಮಕ್ಕಳ ಕಳ್ಳರು ಎಂದು ಯಾರ‍್ಯಾರನ್ನೋ ಹಿಡಿದು ಬಡಿದ ವಿಡಿಯೋಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಅವೆಲ್ಲ ನನ್ನ ಕಣ್ಣ ಮುಂದೆ ಬಂದವು.

"ಮಗಳಿಗೆ ಸಾಲಿ ನೋಡಾಕ ಬಂದೀನ್ರಿ, ನಮ್ಮವ್ವನಾಣಿ" ಎಂದೆ ಕಡೆಗೆ.

"ಗೇಟಿನ ಹೊರಗೆ ಕೂತು ಎಂತ ಶಾಲೆ ನೋಡುದು ಮಾರಾಯ್ರೆ? ಮಗಳು ಎಲ್ಲಿ?"

"ಮನ್ಯಾಗ ಅದಾಳ್ರಿ."

"ಒಬ್ಬಳೇ?"

ಈ ಊರಲ್ಲಿ ನನ್ನನ್ನು ಹಾಗೆ ಕೇಳಿದವಳು ಅವಳೇ ಮೊದಲು. ತೋಳು ಹಿಡಿಸಿಕೊಂಡು, ತಲೆ ತಗ್ಗಿಸಿಕೊಂಡು ನಿಂತಲ್ಲೇ ಹ್ಞೂಂ ಎಂದೆ.

"ಫೋನ್ ಮಾಡಿ. ನನ್ನ ಕೈಗೆ ಕೊಡಿ."

ಮಗಳ ಹತ್ತಿರ ಬಿಟ್ಟು ಬಂದಿದ್ದ ಇನ್ನೊಂದು ಫೋನಿಗೆ ಹಚ್ಚಿಕೊಟ್ಟೆ. ಗುಲಾಬಿಯಕ್ಕ ಸೌಟನ್ನು ಕಂಕುಳಲ್ಲಿ ಇಟ್ಟುಕೊಂಡು ವಿಚಾರಣೆ ಸುರು ಮಾಡಿದಳು. "ಮಗಾ, ನಿನ್ನ ಅಪ್ಪನ ಹೆಸರು ಎಂತದು? ಇವತ್ತು ಎಂತ ಹಾಕಿಕೊಂಡು ಹೋದದ್ದು ಅವರು?" ಆ ಕಡೆಯಿಂದ ಹಾಲಮ್ಮನ ದನಿ ಎಲ್ಲರಿಗೂ ಕೇಳಿಸಿತು: "ಮೈಲಾರಪ್ಪ ಅಂತ್ರಿ. ಹಸರ ಟವೆಲ್ ಹಾಕ್ಕೊಂಡು ಹೋಗ್ಯಾನ್ರಿ. ಏನಾತ್ರಿ ನಮ್ಮಪ್ಪಗ?"

"ಎಂತ ಆಗಲಿಲ್ಲ ಮಗಾ. ಊಟ ಆಯ್ತಾ ನಿಂದು? ಬಾಗಿಲು ಹಾಕಿಕೊ."

ತೋಳು ಹಿಡಿದ ಕೈ ಸಡಿಲಾಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಆ ಹಿಡಿತ ಇವತ್ತಿಗೂ ನನಗೆ ಉರಿಯುತ್ತದೆ, ನಾನು ಯಾರ ಮುಂದೆಯೂ ಕಳ್ಳನಾಗಿ ನಿಂತವನಲ್ಲ.

ಗುಲಾಬಿಯಕ್ಕನೇ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಹೆಡ್ ಮಾಸ್ಟರು ಇದ್ದದ್ದು ಇದ್ದ ಹಾಗೆ ಹೇಳಿದರು. ಕಳೆದ ಸಲ ಹತ್ತನೇ ಕ್ಲಾಸಿನ ಗಣಿತದಲ್ಲಿ ಕೆಲವರು ಫೇಲಾದರಂತೆ. ಗಣಿತದ ಮೇಷ್ಟ್ರು ಬೇರೆ ಶಾಲೆಯಿಂದ ಬಂದು ಹೋಗುವವರು. "ಫೇಲಾದವರನ್ನ ಏನು ಮಾಡ್ತೀರಿ ಸರ?" ಎಂದೆ. "ಎಂತ ಮಾಡುದು, ನಮ್ಮ ಮಕ್ಕಳಲ್ವಾ? ಹಳೆ ವಿದ್ಯಾರ್ಥಿಗಳು ಪಾಠ ಮಾಡಿದರು. ಬಾರದವರ ಮನೆಗೆ ಗುಲಾಬಿಯಕ್ಕ ಹೋಗಿ ಎಳೆದುಕೊಂಡು ಬಂದರು. ಮತ್ತೆ ಬರೆದರು, ಪಾಸಾದರು, ಒಬ್ಬ ಹುಡುಗನನ್ನು ಬಿಟ್ಟು."

ನಾನು ಮಗಳನ್ನು ಅಲ್ಲೇ ಸೇರಿಸಿದೆ.

ಓಬಳೇಶ ನಕ್ಕು ನಕ್ಕು ಸುಸ್ತಾದ. "ನೂರಕ್ಕ ನೂರು ಬಿಟ್ಟು, ಅಡಗಿ ಮಾಡಾಕಿ ಬಾಯಿ ನೋಡಿ ಸಾಲಿಗೆ ಹಚ್ಚಿದಿಯೇನ್ಲೇ! ಅದೂ ನಿನ್ನ ಒದಿಯಾಕ ಬಂದ ಸಾಲಿಗಿ!" ಹಾಲಮ್ಮ ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ನಿನಗ ಹೆದರಿಕಿ ಅಪ್ಪಾ. ನಿನ್ನ ಹೆದರಿಕಿಗೆ ನನಗ ಈ ಸಾಲಿ."

ಅವಳೀಗ ಹತ್ತನೇ ಕ್ಲಾಸು. ಗಣಿತ ತೊಡಕು. ಸಂಜೆ ಬರುವುದು ತಡವಾದರೆ ರಿಕ್ಷಾದ ಯಾರಾದರೊಬ್ಬರು ಫೋನು ಮಾಡುತ್ತಾರೆ, ‘ನಿಮ್ಮ ಮಗಳು ಈಗ ಹೊರಟಳು’ ಎಂದು. ಆ ಫೋನು ಬಂದಾಗ ಎದೆ ತಣ್ಣಗಾಗುತ್ತದೆ. ಕೆಲಸದಿಂದ ಬರುವಾಗ ಬಸ್ಸಿನಿಂದ ದೊಡ್ಡ ಶಾಲೆಯ ಹೊಸ ಫ್ಲೆಕ್ಸು ಕಂಡಾಗ ಅದು ಮರೆಯಾಗುವ ತನಕ ನೋಡುತ್ತೇನೆ. ಊರಿಗೆ ಬಂದಾಗ ನೀವು ಕೇಳುವುದು ಒಂದೇ, ಎಷ್ಟು ಪರ್ಸೆಂಟು ಎಂದು. ನನ್ನ ಹೆದರಿಕೆಯಿಂದ ಅವಳ ನರ್ಸ್ ಕೆಲಸ ತಪ್ಪಿದರೆ ನಾನು ಅವಳ ಮುಖ ಹೇಗೆ ನೋಡಲಿ?

ಮೊನ್ನೆ ಬ್ಯಾಗು ಇಳಿಸುತ್ತಲೇ ಹೇಳಿದಳು, "ಇವತ್ತು ಗೇಟಿನ ಹೊರಗೆ ಒಬ್ಬರು ಕೂತಿದ್ದರು ಅಪ್ಪಾ. ನಾನೇ ಹೋಗಿ ಕೇಳಿದೆ, ಎಂತಕ್ಕೆ ಕೂತದ್ದು ಅಂತ." ಅವಳ ಮಾತು ಈಗ ಹೀಗೆ, ಇಲ್ಲಿಯದು.

"ಹೆಂಗಿದ್ದ?"

"ಘಟ್ಟದವರ ಹಾಗೆ. ಹೆಗಲಿಗೆ ಟವೆಲ್. ತುಂಬ ಹೆದರಿದ್ದರು ಪಾಪ."

ರೊಟ್ಟಿ ಬಡಿಯುತ್ತಿದ್ದ ನೀಲಮ್ಮನ ಕೈ ನಿಂತಿತು.

"ಮಗಳು ಎಲ್ಲಿ ಅದಾಳಂತ ಕೇಳಿದೇನು?" ಎಂದೆ.

"ಕೇಳಿದೆ. ಮಗ ಅಂತೆ. ಊರಲ್ಲಿ ಅಜ್ಜಿ ಹತ್ತಿರ ಇದ್ದಾನಂತೆ. ಒಳಗೆ ಕರೆದುಕೊಂಡು ಹೋಗಿ ಗುಲಾಬಿಯಕ್ಕನ ಹತ್ತಿರ ಬಿಟ್ಟೆ. ಊಟ ಕೊಟ್ಟರು."

"ಯಾವೂರಂತ?"

"ಅದು ಕೇಳಲಿಲ್ಲ ಅಪ್ಪಾ."

ಕೊಟ್ಟೂರೋ, ಹಡಗಲಿಯೋ, ನಮ್ಮ ಓಣಿಯವನೇ ಇರಬಹುದೋ, ತಿಳಿಯದು. ನಿಮ್ಮಲ್ಲಿ ಯಾರಾದರೂ ಆ ಮನುಷ್ಯನಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮನ್ನು ತಡೆದು ಕೇಳಿದ ಹುಡುಗಿ ನಮ್ಮವಳೇ, ಕೋಗಳಿ ಕಡೆಯವಳು. ಅದನ್ನು ಅವಳೇ ನಿಮಗೆ ಹೇಳಬೇಕಿತ್ತು.